ತಹಜ್ಜುದ್‌ಗೆ ಎಚ್ಚರವಾಗುವುದೇ ಇಲ್ಲ, ಏನು ಮಾಡಲಿ?

ಮದುವೆ ಮನೆಯಲ್ಲಿ, ಮದರಸದ ತಾಯಂದಿರ ಸಭೆಯಲ್ಲಿ, ಕೊಡಗಿನ ಸಿದ್ದಾಪುರದ ಸಂತೆಯಲ್ಲಿ, ಎಲ್ಲಿ ಸಿಕ್ಕರೂ ಪರಿಚಯದ ಹೆಂಗಸರು ನನ್ನನ್ನು ಕೇಳುವುದು ಇದೊಂದನ್ನೇ. ರಂಝಾನ್‌ನಲ್ಲಿ ಸಹರಿಗೆ (ಉಪವಾಸಕ್ಕೆ ಮುಂಚಿನ ಊಟ) ಏಳುತ್ತೇವೆ, ಏಳುವ ನೆಪದಲ್ಲಿ ತಹಜ್ಜುದ್, ಅಂದರೆ ರಾತ್ರಿ ನಿದ್ದೆಯಿಂದೆದ್ದು ಮಾಡುವ ಐಚ್ಛಿಕ ನಮಾಝನ್ನೂ ಮಾಡುತ್ತೇವೆ. ಹಬ್ಬ ಕಳೆದು ವಾರವಾಗುವಷ್ಟರಲ್ಲಿ ಎಲ್ಲವೂ ನಿಂತುಹೋಗುತ್ತದೆ. ಅಲಾರಂ ಬಡಿದುಕೊಳ್ಳುತ್ತದೆ, ಕೈ ತಾನಾಗಿಯೇ ಅದನ್ನು ಆರಿಸುತ್ತದೆ. ವರ್ಷವಿಡೀ ಉಳಿಸಿಕೊಳ್ಳುವುದು ಹೇಗೆ?

ನನ್ನ ಉತ್ತರ ಕೇಳಿ ಕೆಲವರಿಗೆ ನಿರಾಸೆಯಾಗುತ್ತದೆ. ನಾನು ಅಲಾರಂ ಬಗ್ಗೆ ಮಾತನಾಡುವುದೇ ಇಲ್ಲ. ರಾತ್ರಿಯ ಕಡ್ಡಾಯ ನಮಾಝ್ ಆದ ಇಶಾ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಎರಡು ರಕಅತ್‌ಗಿಂತ (ರಕಅತ್ ಎಂದರೆ ನಮಾಝ್‌ನ ಒಂದು ಸುತ್ತು) ಹೆಚ್ಚು ಆಸೆ ಪಡಬೇಡಿ ಎಂದೂ ಹೇಳುತ್ತೇನೆ.

ಮೊದಲಿಗೆ ಎರಡು ರಕಅತ್‌ನ ವಿಚಾರ. ರಾತ್ರಿ ನಮಾಝ್ ಎಂದರೆ ಗಂಟೆಗಟ್ಟಲೆ ನಿಲ್ಲುವುದು, ಕಾಲು ಊದಿಕೊಳ್ಳುವವರೆಗೆ ಓದುವುದು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಪ್ರವಾದಿ ಮುಹಮ್ಮದ್(ಸ) ಹಾಗೆ ನಿಂತದ್ದು ನಿಜ. ಕೇಳಿದವರಿಗೆ, ನಾನು ಕೃತಜ್ಞ ದಾಸನಾಗಬಾರದೇ ಎಂದು ಉತ್ತರಿಸಿದ್ದೂ ನಿಜ. ಆದರೆ ಅದೇ ಪ್ರವಾದಿಯವರು ಇತರರಿಗೆ ಏನು ಹೇಳಿದರು ಎಂಬುದನ್ನೂ ನೋಡಬೇಕು. ಒಮ್ಮೆ ಮಸೀದಿಯೊಳಗೆ ಬಂದಾಗ ಎರಡು ಕಂಬಗಳ ನಡುವೆ ಒಂದು ಹಗ್ಗ ಕಟ್ಟಿತ್ತು. ಪ್ರವಾದಿಯವರ ಪತ್ನಿ ಝೈನಬ್(ರ) ನಮಾಝ್‌ನಲ್ಲಿ ನಿಂತು ದಣಿದಾಗ ಅದನ್ನು ಹಿಡಿದುಕೊಳ್ಳುತ್ತಿದ್ದರು. ಹಗ್ಗ ಬಿಚ್ಚಿರಿ, ಚೈತನ್ಯ ಇರುವಷ್ಟು ಹೊತ್ತು ನಮಾಝ್ ಮಾಡಿ, ದಣಿದಾಗ ಕುಳಿತುಕೊಳ್ಳಿ ಎಂದರು ಪ್ರವಾದಿ. ರಾತ್ರಿಯಿಡೀ ಮಲಗದೆ ನಮಾಝ್ ಮಾಡುವ ಹೆಣ್ಣುಮಗಳೊಬ್ಬಳ ಬಗ್ಗೆ ಇನ್ನೊಬ್ಬ ಪತ್ನಿ ಆಯಿಶಾ(ರ) ಮೆಚ್ಚಿ ಹೇಳಿದಾಗಲೂ ಪ್ರವಾದಿ ಮೆಚ್ಚಲಿಲ್ಲ. ಅಲ್ಲಾಹನಿಗೆ ಅತಿ ಪ್ರಿಯವಾದದ್ದು ಕಿರಿದಾಗಿದ್ದರೂ ನಿರಂತರವಾಗಿ ನಡೆಯುವ ಕರ್ಮ ಎಂಬ ಮಾತು ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ (ಪ್ರವಾದಿಯವರ ನುಡಿ, ನಡೆಗಳ ವರದಿ) ಸಂಗ್ರಹಗಳಲ್ಲಿ ಇದೆ. ಸಂಗಡಿಗ ಅಬ್ದುಲ್ಲಾಹಿಬ್ನು ಅಮ್ರ್(ರ) ಅವರಿಗೆ ನೀಡಿದ ಎಚ್ಚರಿಕೆಯಂತೂ ನೇರವಾಗಿ ನಮಗೇ ಹೇಳಿದಂತಿದೆ: ರಾತ್ರಿ ಎದ್ದು ನಮಾಝ್ ಮಾಡುತ್ತಿದ್ದು ಆಮೇಲೆ ಬಿಟ್ಟುಬಿಟ್ಟ ಇಂಥವನಂತೆ ನೀನಾಗಬೇಡ.

ಕುರ್‌ಆನಿನ 73ನೇ ಸೂರ (ಅಧ್ಯಾಯ) ಅಲ್ ಮುಝ್ಝಮ್ಮಿಲ್‌ನ ಕಥೆ ನನಗೆ ಇನ್ನೂ ಹತ್ತಿರ. ಅದರ ಆರಂಭದ ವಚನಗಳು ಇಳಿದಾಗ ರಾತ್ರಿ ನಮಾಝ್ ಕಡ್ಡಾಯವಾಯಿತು. ಆಯಿಶಾ(ರ) ಹೇಳುವಂತೆ ಪ್ರವಾದಿ ಮತ್ತು ಸಂಗಡಿಗರು ಒಂದು ವರ್ಷ ಹಾಗೆ ನಿಂತರು. ಅಷ್ಟು ಕಾಲ ಸೂರದ ಕೊನೆಯ ಭಾಗ ಇಳಿಯಲೇ ಇಲ್ಲ. ಹನ್ನೆರಡು ತಿಂಗಳ ನಂತರ ಇಳಿದ ಇಪ್ಪತ್ತನೇ ವಚನದಲ್ಲಿ ಹೊರೆ ಹಗುರವಾಯಿತು, ರಾತ್ರಿ ನಮಾಝ್ ಐಚ್ಛಿಕವಾಯಿತು. ನಿಮಗೆ ಸುಲಭವಾದಷ್ಟು ಓದಿರಿ ಎಂದಿತು ಆ ವಚನ. ಹಾಗೆ ಹಗುರಗೊಳಿಸುವಾಗ ಅಲ್ಲಾಹನು ಯಾರನ್ನು ಹೆಸರಿಸಿದ್ದಾನೆ ಗೊತ್ತೇ? ರೋಗಿಗಳನ್ನು, ಅಲ್ಲಾಹನ ಮಾರ್ಗದಲ್ಲಿ ಹೋರಾಡುವವರನ್ನು, ಜೀವನೋಪಾಯ ಅರಸಿ ಭೂಮಿಯಲ್ಲಿ ಸಂಚರಿಸುವವರನ್ನು. ಕಾಫಿ ಕೊಯ್ಲಿಗಾಗಿ ಬೆಳಗ್ಗೆ ಜೀಪು ಹತ್ತಿ ಬೇರೆ ಬೇರೆ ತೋಟಗಳಿಗೆ ಹೋಗುವ ನಮ್ಮ ಹೆಂಗಸರನ್ನು ನೋಡುವಾಗಲೆಲ್ಲ ನನಗೆ ಈ ವಚನ ನೆನಪಾಗುತ್ತದೆ. ದುಡಿದು ದಣಿಯುವವರ ಲೆಕ್ಕ ಅವನ ಬಳಿ ಇದೆ. ಆದ್ದರಿಂದ ಎರಡು ರಕಅತ್ ಎಂದರೆ ಕಡಿಮೆಯಾಯಿತು ಎಂದು ಯಾರೂ ನಾಚಬೇಕಾಗಿಲ್ಲ. ಸ್ವತಃ ಪ್ರವಾದಿಯವರು ರಾತ್ರಿ ನಮಾಝನ್ನು ಆರಂಭಿಸುತ್ತಿದ್ದದ್ದೇ ಎರಡು ಹಗುರ ರಕಅತ್‌ಗಳಿಂದ.

ಇನ್ನು ಎಚ್ಚರವೇ ಆಗದವರು ವಿತ್ರ್‌ನಿಂದ, ಅಂದರೆ ರಾತ್ರಿಯ ಕೊನೆಯ ನಮಾಝ್ ಆಗಿ ಬೆಸ ಸಂಖ್ಯೆಯ ರಕಅತ್‌ಗಳಲ್ಲಿ ಮಾಡುವ ನಮಾಝ್‌ನಿಂದ ಶುರು ಮಾಡಲಿ. ಇಶಾ ಆದ ಮೇಲೆ, ಮಲಗುವ ಮುನ್ನ. ಸಂಗಡಿಗ ಅಬೂ ಹುರೈರಾ(ರ) ಅವರಿಗೆ ಪ್ರವಾದಿಯವರು ಜೀವನಪರ್ಯಂತ ಬಿಡದಂತೆ ಹೇಳಿಕೊಟ್ಟ ಮೂರು ಸಂಗತಿಗಳಲ್ಲಿ ಮಲಗುವ ಮೊದಲು ವಿತ್ರ್ ಮಾಡುವುದೂ ಒಂದು. ಕೊನೆಯ ಜಾವದಲ್ಲಿ ಏಳುವ ಭರವಸೆ ಇಲ್ಲದವರು ಮೊದಲೇ ಮಾಡಿಬಿಡಲಿ, ಭರವಸೆ ಇರುವವರು ಕೊನೆಗೆ ಇಟ್ಟುಕೊಳ್ಳಲಿ, ಕೊನೆಯದೇ ಉತ್ತಮ ಎಂದು ಹದೀಸ್ ಇದೆ. ಕೊಡಗಿನಲ್ಲಿ ನಾವು ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು (ಮದ್‌ಹಬ್ ಎಂದರೆ ಕರ್ಮಶಾಸ್ತ್ರದ ಪಂಥ), ನಮಗೆ ವಿತ್ರ್ ಪ್ರಬಲ ಸುನ್ನತ್, ಅಂದರೆ ಒತ್ತಿ ಹೇಳಲಾದ ಐಚ್ಛಿಕ ಕರ್ಮ. ಮಡಿಕೇರಿ, ಕುಶಾಲನಗರದ ಹನಫಿ ಪಂಥದ ಮನೆಗಳಲ್ಲಿ ಅದು ವಾಜಿಬ್, ಅಂದರೆ ಮಾಡಲೇಬೇಕಾದದ್ದು. ಎರಡೂ ಕಡೆ ಅದನ್ನು ಪೂರ್ತಿ ಬಿಟ್ಟುಬಿಡುವುದು ಸರಿಯಲ್ಲ. ವಿತ್ರ್ ಮಾಡಿ ಮಲಗಿದ ಮೇಲೆ ಮಧ್ಯರಾತ್ರಿ ಎಚ್ಚರವಾದರೆ ಏನು ಮಾಡುವುದು ಎಂದು ಕೇಳುತ್ತಾರೆ. ಎರಡೆರಡು ರಕಅತ್‌ನಂತೆ ತಹಜ್ಜುದ್ ಮಾಡಿ, ವಿತ್ರ್ ಮತ್ತೆ ಮಾಡಬೇಡಿ. ಒಂದು ರಾತ್ರಿಗೆ ಎರಡು ವಿತ್ರ್ ಇಲ್ಲ.

ಕೆಲವು ತಿಂಗಳು ವಿತ್ರ್ ತಪ್ಪದೆ ನಡೆದರೆ ರಾತ್ರಿಗೂ ನಿಮಗೂ ಒಂದು ನಂಟು ಬೆಳೆದಿರುತ್ತದೆ. ಆಮೇಲೆ ಏಳುವ ಮಾತು.

ಏಳುವುದು ಎಷ್ಟು ಗಂಟೆಗೆ? ಇಲ್ಲಿ ಬಹಳ ಜನ ಎಡವುತ್ತಾರೆ. ರಾತ್ರಿಯ ಕೊನೆಯ ಮೂರನೇ ಒಂದು ಪಾಲಿನಲ್ಲಿ ಅಲ್ಲಾಹನು, ನನ್ನನ್ನು ಕರೆಯುವವರು ಯಾರಿದ್ದಾರೆ, ನಾನು ಓಗೊಡುತ್ತೇನೆ ಎನ್ನುತ್ತಾನೆ ಎಂಬ ಹದೀಸ್ ಕೇಳಿ ಎರಡು ಗಂಟೆಗೆ ಅಲಾರಂ ಇಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಸಂಜೆ 6ರ ಆಸುಪಾಸಿನಲ್ಲಿ, ಸುಬಹಿ (ಮುಂಜಾವಿನ ಕಡ್ಡಾಯ ನಮಾಝ್) ಹೊತ್ತು ಆರಂಭವಾಗುವುದು 5.30ರ ಆಸುಪಾಸಿನಲ್ಲಿ. ನಡುವೆ ಹನ್ನೊಂದೂವರೆ ಗಂಟೆ. ಮೂರನೇ ಒಂದು ಪಾಲು 3 ಗಂಟೆ 50 ನಿಮಿಷ. ಅಂದರೆ ಕೊನೆಯ ಪಾಲು 1.40ಕ್ಕೆ ಶುರುವಾಗಿ ಐದೂವರೆಯವರೆಗೂ ಇರುತ್ತದೆ. ಐದು ಗಂಟೆಗೆ ಎದ್ದವರೂ ಆ ಕರೆಯೊಳಗೇ ಇದ್ದಾರೆ! ಸುಬಹಿಗಿಂತ ಅರ್ಧ ಗಂಟೆ ಮೊದಲು ಏಳುವುದು ಸಾಕು. ಸುಬಹಿಗೆ ಹೇಗೂ ಏಳಬೇಕಲ್ಲ, ಅದನ್ನೇ ತುಸು ಹಿಂದಕ್ಕೆ ಸರಿಸಿದಂತೆ.

ಇದೇ ಕಾರಣಕ್ಕೆ ಹೊಸಬರು ನವೆಂಬರ್, ಡಿಸೆಂಬರ್‌ನಲ್ಲಿ ಶುರು ಮಾಡಲಿ ಎಂಬುದು ನನ್ನ ಸಲಹೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ 6.50ರ ಸುಮಾರಿಗೆ, ಸುಬಹಿಯೋ 4.45ರ ಸುಮಾರಿಗೆ ಬಂದುಬಿಡುತ್ತದೆ. ರಾತ್ರಿ ಕಿರಿದು, ಮಳೆ ಜೋರು, ಕರೆಂಟ್ ಇರುವುದಿಲ್ಲ. ಚಳಿಗಾಲದಲ್ಲಿ ಇಶಾ ಏಳೂವರೆಗೆಲ್ಲ ಸಿಗುತ್ತದೆ. ಒಂಬತ್ತೂವರೆಗೆ ಮಲಗಿದರೆ ಐದಕ್ಕೆ ಏಳೂವರೆ ಗಂಟೆ ನಿದ್ದೆಯಾಗಿರುತ್ತದೆ. ಆಗ ಎಚ್ಚರವಾಗದಿರಲು ಕಾರಣವೇ ಇಲ್ಲ.

ಒಂಬತ್ತೂವರೆಗೆ ಮಲಗಿದರೆ ಎಂದೆ. ಎಲ್ಲವೂ ನಿಂತಿರುವುದು ಆ ಮಾತಿನ ಮೇಲೆ. ಪ್ರವಾದಿಯವರು ಇಶಾಕ್ಕೆ ಮೊದಲು ಮಲಗುವುದನ್ನೂ ಇಶಾದ ನಂತರ ಹರಟುತ್ತ ಕೂರುವುದನ್ನೂ ಇಷ್ಟಪಡುತ್ತಿರಲಿಲ್ಲ. ರಾತ್ರಿಯ ಮೊದಲ ಭಾಗದಲ್ಲಿ ಮಲಗಿ ಕೊನೆಯ ಭಾಗದಲ್ಲಿ ಏಳುತ್ತಿದ್ದರು, ಕೋಳಿ ಕೂಗಿದಾಗ ಏಳುತ್ತಿದ್ದರು ಎಂದು ಆಯಿಶಾ(ರ) ವಿವರಿಸಿದ್ದಾರೆ. ಕೋಳಿ ನಮ್ಮ ಮನೆಗಳಲ್ಲಿ ಈಗಲೂ ಇದೆ, ಕೂಗುತ್ತಲೂ ಇದೆ. ನಾವು ಮಲಗುವ ಹೊತ್ತು ಬದಲಾಗಿದೆ. ಹನ್ನೆರಡರವರೆಗೆ ಮೊಬೈಲ್ ನೋಡಿದ ಕಣ್ಣನ್ನು ನಾಲ್ಕೂವರೆಗೆ ತೆರೆ ಎಂದರೆ ಅದು ಹೇಗೆ ತೆರೆಯುತ್ತದೆ? ಇಶಾ ಆದ ಮೇಲೆ ಮೊಬೈಲನ್ನು ಮಲಗುವ ಕೋಣೆಯ ಹೊರಗಿಡಿ. ಅಲಾರಂ ಅಲ್ಲಿಂದಲೇ ಬಡಿಯಲಿ, ಆರಿಸಲು ಎದ್ದು ನಡೆಯಬೇಕಾಗಲಿ. ಈ ಒಂದು ಬದಲಾವಣೆಯಿಂದಲೇ ತಹಜ್ಜುದ್ ನೆಲೆಗೊಂಡ ಮನೆಗಳನ್ನು ನಾನು ಬಲ್ಲೆ.

ಚಳಿಯಲ್ಲಿ ವುಳೂ (ನಮಾಝ್‌ಗೆ ಮೊದಲು ಮುಖ, ಕೈಕಾಲು ತೊಳೆಯುವುದು) ಮಾಡುವ ಕಷ್ಟ ಬೇರೆ. ಜನವರಿಯ ಬೆಳಗಿನ ಜಾವ ನಲ್ಲಿ ನೀರು ಮುಟ್ಟಿದರೆ ಬೆರಳು ಸೆಟೆದುಕೊಳ್ಳುತ್ತದೆ. ಕಷ್ಟವಿದ್ದರೂ ವುಳೂವನ್ನು ಪೂರ್ಣವಾಗಿ ಮಾಡುವುದು ಪಾಪಗಳನ್ನು ಅಳಿಸುತ್ತದೆ ಎಂಬ ಶುಭವಾರ್ತೆ ಹದೀಸ್‌ನಲ್ಲಿದೆ. ಹಾಗೆಂದು ಕಷ್ಟವನ್ನು ಹುಡುಕಿಕೊಂಡು ಹೋಗಬೇಕೆಂದಿಲ್ಲ. ರಾತ್ರಿಯೇ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಡಿ, ತಣ್ಣೀರಿಗೆ ಬೆರೆಸಿಕೊಳ್ಳಿ. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿರುವವರಿಗೆ, ಬಚ್ಚಲು ಮನೆಯ ಹೊರಗಿರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ವುಳೂಗೆ ಬೇಕಾದ ನೀರು, ಒಂದು ಬೇಸಿನ್ ಒಳಗೇ ಇರಲಿ. ನಮ್ಮ ಸುತ್ತಮುತ್ತ ಕಾಡಾನೆಗಳು ತೋಟದಲ್ಲಿ ಓಡಾಡುವುದು ಇದೇ ಹೊತ್ತಿನಲ್ಲಿ, ಹಲಸು ಹಣ್ಣಾಗುವ ಕಾಲದಲ್ಲಂತೂ ಅಂಗಳಕ್ಕೇ ಬರುತ್ತವೆ. ಕತ್ತಲಲ್ಲಿ ಬಾವಿಕಟ್ಟೆಗೆ ಹೋಗಬೇಡಿ. ಮಸೀದಿಗೆ ಹೋಗಿ ತಹಜ್ಜುದ್ ಮಾಡುತ್ತೇವೆ ಎನ್ನುವ ಹುಡುಗರಿಗೂ ಇದೇ ಮಾತು. ಕಡ್ಡಾಯ ನಮಾಝ್ ಬಿಟ್ಟರೆ ಉಳಿದವುಗಳಲ್ಲಿ ಮನೆಯಲ್ಲಿ ಮಾಡುವುದೇ ಶ್ರೇಷ್ಠ ಎಂದು ಪ್ರವಾದಿಯವರೇ ಹೇಳಿರುವಾಗ ಮೂರು ಗಂಟೆಗೆ ತೋಟದ ದಾರಿ ಹಿಡಿಯುವುದು ಯಾಕೆ?

ಏನು ಓದಬೇಕು? ಗೊತ್ತಿರುವುದನ್ನು. ಕಾಫಿರೂನ್, ಇಖ್ಲಾಸ್ ಎಂಬ ಚಿಕ್ಕ ಸೂರಗಳೆರಡೇ ಬಾಯಿಪಾಠವಿದ್ದರೆ ಅವೆರಡೇ. ಸಲಾಂ ಕೊಟ್ಟು ನಮಾಝ್ ಮುಗಿಸಿದ ನಂತರ ಕೈ ಎತ್ತಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ, ನಿಮ್ಮದೇ ಮಾತಿನಲ್ಲಿ ಕೇಳಿ. ಕೊಡವ ತಕ್ಕ್, ಬ್ಯಾರಿ, ಮಲಯಾಳಂ, ಉರ್ದು, ಕನ್ನಡ, ಯಾವ ಭಾಷೆಯಲ್ಲಾದರೂ ಸರಿ. ಸಾಲದ ಚಿಂತೆ, ಮಗಳ ಮದುವೆ, ಗಂಡನ ಕೆಮ್ಮು, ಎಲ್ಲವನ್ನೂ ಹೇಳಿ. ಹಗಲಿನಲ್ಲಿ ಯಾರೊಂದಿಗೂ ಹೇಳಲಾಗದ್ದನ್ನು ಹೇಳುವುದಕ್ಕೆ ಸಿಗುವ ಈ ಹೊತ್ತಿನ ರುಚಿ ಹತ್ತಿದವರು ಅಲಾರಂ ಬಡಿಯುವ ಮೊದಲೇ ಏಳುತ್ತಾರೆ. ಅಭ್ಯಾಸ ಉಳಿಯುವುದು ಛಲದಿಂದ ಎಂದು ನಾನು ನಂಬುವುದಿಲ್ಲ. ಕೇಳುವವನು ಕೇಳುತ್ತಿದ್ದಾನೆ ಎಂಬ ಖಾತ್ರಿಯಿಂದ ಅದು ಉಳಿಯುತ್ತದೆ.

ಎಳೆಗೂಸಿನ ತಾಯಂದಿರು ಬಹಳ ನೊಂದುಕೊಂಡು ಕೇಳುತ್ತಾರೆ. ಮಗುವಿಗೆ ಹಾಲೂಡಿಸಲು ನೀವು ಹೇಗೂ ರಾತ್ರಿ ಎದ್ದಿರುತ್ತೀರಿ. ಮಗು ಮತ್ತೆ ಮಲಗಿ, ನಿಮ್ಮ ಕಣ್ಣು ಇನ್ನೂ ತೆರೆದಿದ್ದರೆ ಎರಡು ರಕಅತ್ ಮಾಡಿ. ನಿಲ್ಲಲು ತ್ರಾಣವಿಲ್ಲದಿದ್ದರೆ ಕುಳಿತು ಮಾಡಿ, ಐಚ್ಛಿಕ ನಮಾಝ್‌ಗೆ ಅದಕ್ಕೆ ಅವಕಾಶವಿದೆ. ಕಣ್ಣು ಎಳೆಯುತ್ತಿದ್ದರೆ ಮಲಗಿಬಿಡಿ. ತೂಕಡಿಸುವವರು ಮಲಗಲಿ, ಇಲ್ಲವಾದರೆ ಕ್ಷಮೆ ಕೇಳಲು ಹೋಗಿ ತಮ್ಮನ್ನೇ ಶಪಿಸಿಕೊಂಡಾರು ಎಂದು ಹೇಳಿದವರು ಪ್ರವಾದಿ. ಮುಟ್ಟಿನ ದಿನಗಳಲ್ಲಿ ನಮಾಝ್ ಇಲ್ಲ, ಆದರೆ ಆ ಹೊತ್ತಿಗೆ ಎದ್ದು ದಿಕ್ರ್ (ಅಲ್ಲಾಹನ ಸ್ಮರಣೆ), ಸ್ವಲಾತ್ (ಪ್ರವಾದಿಯವರ ಮೇಲಿನ ಹರಕೆ), ದುಆ (ಪ್ರಾರ್ಥನೆ) ಮಾಡಲು ಯಾವ ತಡೆಯೂ ಇಲ್ಲ. ಏಳುವ ರೂಢಿಯೂ ತಪ್ಪದೆ ಉಳಿಯುತ್ತದೆ.

ಗಂಡನನ್ನು ಎಬ್ಬಿಸಬಹುದೇ? ಎಬ್ಬಿಸಬಹುದು, ಎಬ್ಬಿಸುವವರಿಗೆ ಅಲ್ಲಾಹನ ಕರುಣೆ ಸಿಗಲಿ ಎಂದು ಪ್ರವಾದಿಯವರು ಪ್ರಾರ್ಥಿಸಿದ್ದಾರೆ. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸುವ ಗಂಡ, ಹಾಗೆಯೇ ಎಬ್ಬಿಸುವ ಹೆಂಡತಿ, ಇಬ್ಬರ ಪ್ರಸ್ತಾಪವೂ ಆ ಹದೀಸ್‌ನಲ್ಲಿದೆ. ಎಬ್ಬಿಸು ಎಂದು ಹಿಂದಿನ ರಾತ್ರಿ ಅವರೇ ಹೇಳಿದ್ದರೆ ಮಾತ್ರ ಎಬ್ಬಿಸಿ ಎಂಬುದು ನನ್ನ ಅಭಿಪ್ರಾಯ. ರಾತ್ರಿ ನಮಾಝ್ ಹೆಸರಿನಲ್ಲಿ ಮನೆಯಲ್ಲಿ ಜಗಳ ಹುಟ್ಟಬಾರದು. ಮಕ್ಕಳನ್ನು ಸುಬಹಿಗೆ ಎಬ್ಬಿಸಿ, ಸಾಕು.

ರಾತ್ರಿ ಎದ್ದ ಸುಸ್ತಿನಲ್ಲಿ ಸುಬಹಿ ತಪ್ಪುತ್ತಿದ್ದರೆ ಅದು ಲಾಭದ ವ್ಯವಹಾರವಲ್ಲ. ಇಶಾವನ್ನು ಜಮಾಅತ್‌ನಲ್ಲಿ (ಸಾಮೂಹಿಕವಾಗಿ) ಮಾಡಿದವರಿಗೆ ಅರ್ಧ ರಾತ್ರಿ ನಿಂತ, ಸುಬಹಿಯನ್ನೂ ಹಾಗೆ ಮಾಡಿದವರಿಗೆ ಇಡೀ ರಾತ್ರಿ ನಿಂತ ಪ್ರತಿಫಲವಿದೆ ಎಂದು ಹದೀಸ್ ಇದೆ. ಕಡ್ಡಾಯವನ್ನು ಕಾಯ್ದುಕೊಂಡ ಮೇಲೆಯೇ ಉಳಿದದ್ದು.

ಕಡೆಯದಾಗಿ, ತಪ್ಪಿದ ದಿನದ ಮಾತು. ತಪ್ಪುತ್ತದೆ, ಎಲ್ಲರಿಗೂ. ರಾತ್ರಿ ಏಳುವ ನಿಯ್ಯತ್ (ಸಂಕಲ್ಪ) ಇಟ್ಟು ಮಲಗಿ ನಿದ್ದೆ ಮೀರಿಹೋದರೆ ನಿಯ್ಯತ್‌ನ ಪ್ರತಿಫಲ ಬರೆಯಲಾಗುತ್ತದೆ, ಆ ನಿದ್ದೆ ಅಲ್ಲಾಹನು ಕೊಟ್ಟ ದಾನ ಎಂದಿದ್ದಾರೆ ಪ್ರವಾದಿ. ನಿದ್ದೆಯಿಂದಲೋ ನೋವಿನಿಂದಲೋ ಅವರ ರಾತ್ರಿ ನಮಾಝ್ ತಪ್ಪಿದಾಗ ಹಗಲಿನಲ್ಲಿ ಹನ್ನೆರಡು ರಕಅತ್ ಮಾಡುತ್ತಿದ್ದರು. ರಾತ್ರಿ ಓದುವ ಪಾಲು ಉಳಿದುಹೋದವರು ಸುಬಹಿ ಮತ್ತು ಝುಹರ್ (ಮಧ್ಯಾಹ್ನದ ನಮಾಝ್) ನಡುವೆ ಓದಿದರೆ ರಾತ್ರಿಯೇ ಓದಿದಂತೆ ಬರೆಯಲಾಗುತ್ತದೆ ಎಂದೂ ಇದೆ. ಹಾಗಾಗಿ ತಪ್ಪಿದ ದಿನ ಬೇಸರದಲ್ಲಿ ಕೂರಬೇಡಿ, ನಿಮ್ಮ ಎರಡು ರಕಅತ್‌ಗಳನ್ನು ಹಗಲಿನಲ್ಲೇ ಮಾಡಿ ಮುಗಿಸಿ. ಸೂರ್ಯ ಹುಟ್ಟಿ ಇಪ್ಪತ್ತು ನಿಮಿಷ ಕಳೆದ ಮೇಲೆ, ಸೂರ್ಯ ನೆತ್ತಿಗೆ ಬರುವ ಮೊದಲು ಯಾವಾಗ ಬೇಕಾದರೂ ಆಗುತ್ತದೆ. ಕೊಯ್ಲಿಗೆ ಹೋಗುವವರಿಗೆ ಹತ್ತು ಗಂಟೆಯ ಚಹಾ ಬಿಡುವು ಸಿಗುತ್ತದೆ, ಎರಡು ರಕಅತ್‌ಗೆ ಅಷ್ಟು ಸಮಯ ಧಾರಾಳ.