ಎಣ್ಣೆಗೆಂಪಿನ ಬೆನ್ನುಹತ್ತಿ: ಒಂದು ಭಾವಚಿತ್ರ ಯೋಜನೆಯ ಎಂಟು ವಾರಗಳು

ಮೊದಲ ವಾರ

ಮೈಬಣ್ಣಕ್ಕೆ ನಮ್ಮ ಮಾತಿನಲ್ಲಿ ಹೆಸರುಗಳು ಹಲವು: ಹಾಲುಬಿಳುಪು, ಗೋಧಿಬಣ್ಣ, ಎಣ್ಣೆಗೆಂಪು, ನಸುಗಪ್ಪು, ಕಡುಗಪ್ಪು. ಇವುಗಳಲ್ಲಿ ಎಣ್ಣೆಗೆಂಪನ್ನು ನನ್ನ ಕ್ಯಾಮೆರಾ ಇದುವರೆಗೆ ಒಮ್ಮೆಯೂ ಮನಸ್ಸಿಗೆ ಒಪ್ಪುವಂತೆ ಹಿಡಿದುಕೊಟ್ಟಿಲ್ಲ. ನನ್ನ ಅಕ್ಕನದು ಅದೇ ಬಣ್ಣ. ಕಿಟಕಿಯ ಬೆಳಕಿನಲ್ಲಿ ಒಂದೇ ಮಧ್ಯಾಹ್ನ ತೆಗೆದ ಅವಳ ಮೂರು ಭಾವಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದರಲ್ಲಿ ಮುಖ ಇಟ್ಟಿಗೆಯಂತೆ ಕೆಂಪಾಗಿತ್ತು, ಇನ್ನೊಂದರಲ್ಲಿ ಕೆನ್ನೆ ಹಳದಿಗೆ ತಿರುಗಿತ್ತು, ಮೂರನೆಯದರಲ್ಲಿ ಬೂದಿ ಬಳಿದಂತಿತ್ತು. "ಈ ಮೂರರಲ್ಲಿ ಒಂದರಲ್ಲೂ ನಾನಿಲ್ಲ ಕಣೋ" ಎಂದು ಅವಳು ಆಡಿದ ಮಾತು ಈ ಯೋಜನೆಗೆ ಕಾರಣವಾಯಿತು.

ಮೈಬಣ್ಣ ಬೇರೆ ಬೇರೆಯಾಗಿರುವ ಐದು ಮಂದಿಯ ಭಾವಚಿತ್ರಗಳನ್ನು ಒಂದೇ ಡಿಎಸ್ಎಲ್ಆರ್ ಕ್ಯಾಮೆರಾದಲ್ಲಿ ತೆಗೆಯಬೇಕು, ಚಿತ್ರವನ್ನು ಆಯಾ ವ್ಯಕ್ತಿಯ ಪಕ್ಕದಲ್ಲಿ ಹಿಡಿದರೆ ಬಣ್ಣ ಒಪ್ಪಬೇಕು ಎಂಬುದು ಗುರಿ. ಅಕ್ಕನ ಮೂರು ಚಿತ್ರಗಳನ್ನು ಮೂರು ಲೆನ್ಸ್‌ಗಳಲ್ಲಿ ತೆಗೆದಿದ್ದೆ: ಕೆಂಪಾದದ್ದು 50 ಮಿ.ಮೀ. ಎಫ್ 1.8ರಲ್ಲಿ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್‌ನ ಬೆಳಕಿನ ಕಿಂಡಿ ದೊಡ್ಡದು), ಹಳದಿಯಾದದ್ದು 85 ಮಿ.ಮೀ. ಎಫ್ 1.8ರಲ್ಲಿ, ಬೂದಿಯಾದದ್ದು ಫಿಲ್ಮ್ ಕಾಲದ ಒಂದು 135 ಮಿ.ಮೀ. ಮ್ಯಾನ್ಯುಯಲ್ ಲೆನ್ಸ್‌ನಲ್ಲಿ. ಹೀಗಾಗಿ ನನ್ನ ಮೊದಲ ಅನುಮಾನವೆಲ್ಲ ಲೆನ್ಸ್‌ಗಳ ಮೇಲೆಯೇ ಬಿದ್ದಿತು.

ಎರಡನೆಯ ವಾರ

ಬಣ್ಣ ಹೋಲಿಸಲು ಬಳಸುವ, 24 ಬಣ್ಣದ ಚೌಕಗಳ ಕಲರ್‌ಚೆಕರ್ ಹಲಗೆಯನ್ನು ನಿಲ್ಲಿಸಿ, ಕ್ಯಾಮೆರಾವನ್ನು ಟ್ರೈಪಾಡ್‌ಗೆ ಕೂರಿಸಿ, ಮೂರೂ ಲೆನ್ಸ್‌ಗಳಲ್ಲಿ ಎಫ್ 5.6ರಲ್ಲಿ ರಾ ಫೈಲ್‌ಗಳನ್ನು (ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರಗಳನ್ನು) ತೆಗೆದೆ. ಮೊದಲ ಪ್ರಯತ್ನ ವ್ಯರ್ಥವಾಯಿತು. ಲೆನ್ಸ್ ಬದಲಿಸುವಷ್ಟರಲ್ಲಿ ಮೋಡ ಸರಿದು ಕಿಟಕಿಯ ಬೆಳಕೇ ಬೇರೆಯಾಗಿತ್ತು. ಬೂದು ಚೌಕದ ಅಂಕಿಗಳನ್ನು ಓದಿದ ಮೇಲೆಯೇ ಇದು ನನ್ನ ಗಮನಕ್ಕೆ ಬಂದದ್ದು. ಲೆನ್ಸ್‌ಗಳನ್ನು ಹೋಲಿಸುವವರು ಕಿಟಕಿಯ ಬೆಳಕನ್ನು ನಂಬಬಾರದು. ಕೋಣೆಯನ್ನು ಕತ್ತಲು ಮಾಡಿ, ಒಂದೇ ಫ್ಲ್ಯಾಶ್ ಬಳಸಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆ.

ಫಲಿತಾಂಶ ನನ್ನ ಅನುಮಾನಕ್ಕೆ ವಿರುದ್ಧವಾಗಿ ಬಂದಿತು. ವೈಟ್ ಬ್ಯಾಲೆನ್ಸ್ (ಬಿಳಿ, ಬೂದುಗಳು ಬಣ್ಣದ ಛಾಯೆಯಿಲ್ಲದೆ ಕಾಣುವಂತೆ ಮಾಡುವ ಹೊಂದಾಣಿಕೆ) ಸರಿಪಡಿಸುವ ಮೊದಲು ಹಳೆಯ 135 ಮಿ.ಮೀ. ಲೆನ್ಸ್ ತುಸು ಹಳದಿಯಾಗಿ ಕಂಡದ್ದು ನಿಜ. ಆದರೆ ಮೂರೂ ಫೈಲ್‌ಗಳಲ್ಲಿ ಅದೇ ಬೂದು ಚೌಕದ ಮೇಲೆ ವೈಟ್ ಬ್ಯಾಲೆನ್ಸ್ ಹೊಂದಿಸಿದೊಡನೆ, ಯಾವುದು ಯಾವ ಲೆನ್ಸ್‌ನದೆಂದು ಬರಿಗಣ್ಣಿನಿಂದ ಗುರುತಿಸಲು ನನ್ನಿಂದ ಆಗಲಿಲ್ಲ. ಯೋಚಿಸಿದರೆ ಇದು ಸಹಜವೇ. ಲೆನ್ಸ್ ಬಣ್ಣವನ್ನು ಸೇರಿಸುವುದಿಲ್ಲ, ಕಳೆಯುತ್ತದೆ; ಗಾಜು ಮತ್ತು ಅದರ ಮೇಲಿನ ಲೇಪ ನೀಲಿಯ ಕಡೆ ಸ್ವಲ್ಪ ಹೆಚ್ಚು ಬೆಳಕನ್ನು ನುಂಗುತ್ತವೆ, ಆ ನಷ್ಟ ವರ್ಣಪಟಲದ ಉದ್ದಕ್ಕೂ ಏರುಪೇರಿಲ್ಲದೆ ನಯವಾಗಿ ಹರಡಿರುವುದರಿಂದ, ನೀಲಿ ಚಾನಲನ್ನು (ಚಿತ್ರದ ಕೆಂಪು, ಹಸಿರು, ನೀಲಿ ಪಾಲುಗಳಲ್ಲಿ ನೀಲಿಯದನ್ನು) ಒಂದು ಅಂಕಿಯಿಂದ ಗುಣಿಸಿದರೆ ಬಹುಮಟ್ಟಿಗೆ ತುಂಬಿಹೋಗುತ್ತದೆ. ವೈಟ್ ಬ್ಯಾಲೆನ್ಸ್ ಮಾಡುವ ಕೆಲಸವೂ ಆ ಗುಣಾಕಾರವೇ.

ಹಾಗೆಂದು ಲೆನ್ಸ್‌ಗಳ ಮೇಲಿನ ಆರೋಪ ಪೂರ್ತಿ ಬಿದ್ದುಹೋಗಲಿಲ್ಲ. ವೈಟ್ ಬ್ಯಾಲೆನ್ಸ್ ಅಳಿಸಲಾರದ ಎರಡು ಗುಣಗಳು ಉಳಿದವು. ಒಂದು, ಮಬ್ಬು ಬೆಳಕು. ಕಿಟಕಿ ಚೌಕಟ್ಟಿನ ಒಳಗೋ ಅಂಚಿಗೋ ಬಂದರೆ ಹಳೆಯ ಲೆನ್ಸ್‌ನ ಒಳಗೆ ಬೆಳಕು ಗಾಜಿನಿಂದ ಗಾಜಿಗೆ ಪುಟಿದು ಇಡೀ ಚಿತ್ರದ ಮೇಲೆ ತೆಳುವಾದ ಪರದೆಯಂತೆ ಹರಡುತ್ತದೆ. ಕಪ್ಪು ಕಪ್ಪಾಗಿ ಉಳಿಯುವುದಿಲ್ಲ, ಮೈಬಣ್ಣದ ಸಾಂದ್ರತೆ ಸೋರಿಹೋಗುತ್ತದೆ. ಅಕ್ಕನ ಮೂರನೆಯ ಚಿತ್ರದ ಬೂದಿಗೆ ಇದೇ ಕಾರಣವೆಂದು, ಹುಡ್ (ಲೆನ್ಸ್‌ನ ತುದಿಗೆ ಹಾಕುವ ಬೆಳಕಿನ ಮರೆ) ಹಾಕಿಯೂ ಹಾಕದೆಯೂ ತೆಗೆದು ಖಚಿತಪಡಿಸಿಕೊಂಡೆ. ಎರಡನೆಯದು, ಅಪರ್ಚರ್, ಅಂದರೆ ಲೆನ್ಸ್‌ನ ಬೆಳಕಿನ ಕಿಂಡಿ, ಪೂರ್ತಿ ತೆರೆದಾಗ ಫೋಕಸ್‌ಗಿಂತ ಮುಂದಿರುವ ಅಂಚುಗಳಲ್ಲಿ ನೇರಳೆ, ಹಿಂದಿರುವ ಅಂಚುಗಳಲ್ಲಿ ಹಸಿರು ಮೂಡುವ ವರ್ಣದೋಷ. 85 ಮಿ.ಮೀ. ಲೆನ್ಸ್‌ನಲ್ಲಿ ಎಫ್ 1.8ಕ್ಕೆ ರೆಪ್ಪೆಗೂದಲುಗಳ ಮೇಲೆ ಇದು ಎದ್ದು ಕಾಣುತ್ತದೆ, ಎಫ್ 4ಕ್ಕೆ ನನ್ನ ಕಣ್ಣಿಗೆ ಬೀಳುವುದಿಲ್ಲ. ಇನ್ನು ಮುಂದೆ ಈ ಯೋಜನೆಗೆ ಎಫ್ 4, ಹುಡ್ ಕಡ್ಡಾಯ.

ಮೂರು ಮತ್ತು ನಾಲ್ಕನೆಯ ವಾರ

ಹಗಲಿನಲ್ಲಿ ಎಲ್ಲರಿಗೂ ಬಿಡುವಾಗುವುದಿಲ್ಲವಾದ್ದರಿಂದ ಸಂಜೆಯ ಕೆಲಸಕ್ಕೆ ಒಂದು ಎಲ್ಇಡಿ ಪ್ಯಾನೆಲ್ ಬಳಸಿ ನೋಡಿದೆ. ಬೂದು ಚೌಕ ಸರಿಯಾಗಿ ಬೂದಾಗಿಯೇ ಇತ್ತು, ಆದರೂ ಮುಖಗಳಲ್ಲಿ ರಕ್ತವೇ ಹರಿಯುತ್ತಿಲ್ಲವೇನೋ ಎನ್ನುವಂತಿತ್ತು. ಪ್ಯಾನೆಲ್‌ನ ಸಿಆರ್‌ಐ ಅಂಕ (ದೀಪವೊಂದು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಳತೆ) ಚೆನ್ನಾಗಿಯೇ ಇತ್ತು. ಆದರೆ ಆ ಸರಾಸರಿಯನ್ನು ಲೆಕ್ಕ ಹಾಕುವುದು ತಿಳಿಯಾದ ಎಂಟು ಮಾದರಿ ಬಣ್ಣಗಳಿಂದ. ಗಾಢ ಕೆಂಪಿನ ಮಾದರಿ, ಅಂದರೆ ಆರ್9, ಆ ಎಂಟರಲ್ಲಿ ಸೇರಿಲ್ಲ. ಚರ್ಮದ ವಿಷಯದಲ್ಲಿ ಇದು ದೊಡ್ಡ ಕೊರತೆ. ಚರ್ಮದೊಳಗಿನ ಹಿಮೊಗ್ಲೋಬಿನ್ 540ರಿಂದ 580 ನ್ಯಾನೋಮೀಟರ್‌ಗಳ ನಡುವಿನ ಹಸಿರು-ಹಳದಿ ಬೆಳಕನ್ನು ಹೀರಿ, 600ರಿಂದಾಚೆಯ ಕೆಂಪನ್ನು ಬಹುತೇಕ ಬಿಟ್ಟುಕೊಡುತ್ತದೆ. ಚರ್ಮಕ್ಕೆ ಕಪ್ಪು ಛಾಯೆ ಕೊಡುವ ಮೆಲನಿನ್ ನೀಲಿಯ ಕಡೆ ಹೆಚ್ಚಾಗಿ, ಕೆಂಪಿನ ಕಡೆ ಕಡಿಮೆಯಾಗಿ ಹೀರುತ್ತದೆ. ಮುಖದ ಜೀವಕಳೆ ಇರುವುದು ಈ ವ್ಯತ್ಯಾಸದಲ್ಲಿ. ದೀಪದಲ್ಲಿ ಆಳವಾದ ಕೆಂಪೇ ಕಡಿಮೆಯಿದ್ದರೆ ಚರ್ಮ ಹಿಂದಿರುಗಿಸಲು ಏನೂ ಇರುವುದಿಲ್ಲ, ದೀಪದಲ್ಲಿ ಇಲ್ಲದ ಬಣ್ಣವನ್ನು ವೈಟ್ ಬ್ಯಾಲೆನ್ಸ್ ಹುಟ್ಟಿಸಲಾರದು.

ಆದ್ದರಿಂದ ಪ್ಯಾನೆಲ್ ಅನ್ನು ಬದಿಗಿಟ್ಟು, ಬೆಳಕನ್ನು ಮೃದುವಾಗಿಸುವ ದೊಡ್ಡ ಬಟ್ಟೆಯ ಪೆಟ್ಟಿಗೆ, ಅಂದರೆ ಸಾಫ್ಟ್‌ಬಾಕ್ಸ್, ಕಟ್ಟಿದ ಫ್ಲ್ಯಾಶ್‌ಗೆ ಮರಳಿದೆ. ಫ್ಲ್ಯಾಶ್‌ನ ಕ್ಸೆನಾನ್ ಕೊಳವೆ ನೀಲಿಯಿಂದ ಕೆಂಪಿನವರೆಗೆ ಎಡೆಬಿಡದ ವರ್ಣಪಟಲವನ್ನು ಕೊಡುತ್ತದೆ, ಬಣ್ಣದ ಉಷ್ಣತೆ 5500 ಕೆಲ್ವಿನ್ ಆಸುಪಾಸಿನಲ್ಲಿ, ಅಂದರೆ ಹಗಲಿನ ಬೆಳಕಿನ ಹತ್ತಿರ, ಇರುತ್ತದೆ. ಕೋಣೆಯ ತಿಳಿಹಸಿರು ಗೋಡೆಯಿಂದ ಪುಟಿದ ಬೆಳಕು ದವಡೆಯ ನೆರಳಿಗೆ ಹಸಿರು ಬಳಿಯುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ಆ ಬದಿಗೆ ಕಪ್ಪು ಬಟ್ಟೆ ಇಳಿಬಿಟ್ಟೆ.

ಐದನೆಯ ವಾರ

ಈ ವಾರ ಕ್ಯಾಮೆರಾ ಪ್ರೊಫೈಲ್‌ನ ಕೆಲಸ, ಅಂದರೆ ಕ್ಯಾಮೆರಾ ಕಂಡ ಬಣ್ಣವನ್ನು ಕಣ್ಣು ಕಾಣುವ ಬಣ್ಣಕ್ಕೆ ಹೊಂದಿಸುವ ಸೂತ್ರ. ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್‌ನ ಮೇಲಿನ ಬಣ್ಣದ ಜಾಲರಿಯ ವಿನ್ಯಾಸ ಕೊಡಾಕ್‌ನ ಬ್ರೈಸ್ ಬೇಯರ್ ಅವರದು. ಅವರಿಗೆ ಪೇಟೆಂಟ್ ದೊರೆತದ್ದು 1976ರಲ್ಲಿ, ಕಲರ್‌ಚೆಕರ್ ಹಲಗೆಯೂ ಅದೇ ವರ್ಷದ್ದು. ಜಾಲರಿಯಲ್ಲಿ ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಈ ಸೋಸುಗಾಜುಗಳ ಸಂವೇದನೆ ಮನುಷ್ಯನ ಕಣ್ಣಿನ ಸಂವೇದನೆಯೊಂದಿಗೆ ತಾಳೆಯಾಗುವುದಿಲ್ಲ, ಹೀಗಾಗಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬಣ್ಣಗಳು ಸೆನ್ಸರ್‌ಗೆ ಬೇರೆಯಾಗಿ ಕಾಣಬಹುದು, ಬೇರೆಯಾದವು ಒಂದಾಗಿಯೂ ಕಾಣಬಹುದು. ಪ್ರೊಫೈಲ್ ಮಾಡುವುದು ಸಾಧ್ಯವಾದಷ್ಟು ಹತ್ತಿರದ ಅನುವಾದವನ್ನಷ್ಟೇ.

ಫ್ಲ್ಯಾಶ್ ಬೆಳಕಿನಲ್ಲಿ 24 ಚೌಕಗಳಿಂದ ಎರಡು ಪ್ರೊಫೈಲ್‌ಗಳನ್ನು ತಯಾರಿಸಿದೆ, ಒಂದು ಎಲ್ಲ ಬಣ್ಣಗಳಿಗೂ ಒಂದೇ ಲೆಕ್ಕ ಹಾಕುವ ಸರಳ ಮ್ಯಾಟ್ರಿಕ್ಸ್, ಇನ್ನೊಂದು ಪ್ರತಿ ಬಣ್ಣವನ್ನೂ ಬೇರೆಬೇರೆಯಾಗಿ ತಿದ್ದುವ ಕೋಷ್ಟಕ. ಚೌಕಗಳ ಮೇಲೆ ಕೋಷ್ಟಕವೇ ಗೆದ್ದಿತು. ಮುಖದ ಮೇಲೆ ಮಾತ್ರ, ಕೆನ್ನೆ ನೆರಳಿಗೆ ಇಳಿಯುವ ಕಡೆ ಬಣ್ಣ ನಯವಾಗಿ ಜಾರದೆ ತಟಕ್ಕನೆ ತಿರುಗುತ್ತಿತ್ತು. ಹಲಗೆಯಲ್ಲಿ ಮೈಬಣ್ಣಕ್ಕೆ ಮೀಸಲಾದ ಚೌಕಗಳು ಎರಡೇ, ಮುಖವೊಂದರಲ್ಲಿಯೇ ಇರುವ ಛಾಯೆಗಳು ಅಸಂಖ್ಯ. ಮ್ಯಾಟ್ರಿಕ್ಸ್ ಪ್ರೊಫೈಲನ್ನು ಉಳಿಸಿಕೊಂಡೆ. ಭಾವಚಿತ್ರಕ್ಕೆ ಅಂಕಿಗಳ ನಿಖರತೆಗಿಂತ ಛಾಯೆಯಿಂದ ಛಾಯೆಗೆ ಸಾಗುವ ನಯ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆರು ಮತ್ತು ಏಳನೆಯ ವಾರ

ಇಷ್ಟಾದರೂ ಮೊದಲ ಎರಡು ಚಿತ್ರಗಳ ಕೆಂಪು ಮತ್ತು ಹಳದಿಗೆ ಉತ್ತರ ಸಿಕ್ಕಿರಲಿಲ್ಲ. ಉತ್ತರ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಸೆನ್ಸರ್‌ಗೆ ಬಿಡುವ ಬೆಳಕಿನ ಪ್ರಮಾಣದಲ್ಲಿ, ಇತ್ತು; ಇದನ್ನು ಮೊದಲ ವಾರವೇ ನೋಡಬೇಕಿತ್ತು.

ಚರ್ಮದ ಯಾವ ಬಣ್ಣದಲ್ಲೂ ಕೆಂಪು ಚಾನಲ್ ಮೇಲೆ, ಹಸಿರು ನಡುವೆ, ನೀಲಿ ಕೆಳಗೆ ಇರುತ್ತದೆ. ರಾ ಫೈಲ್‌ನಲ್ಲಿ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಿದರೆ ಮೂರೂ ಇಮ್ಮಡಿಯಾಗುತ್ತವೆ, ಅವುಗಳ ಅನುಪಾತ ಕದಲುವುದಿಲ್ಲ. ಆದರೆ ಕೆಂಪು ಮಿತಿ ಮುಟ್ಟಿ ನಿಂತ ಮೇಲೂ ಹಸಿರು ಏರುತ್ತಲೇ ಹೋಗುತ್ತದೆ, ಕೆಂಪಿಗೆ ಹಸಿರು ಸಮೀಪಿಸಿದಷ್ಟೂ ಕಣ್ಣಿಗೆ ಕಾಣುವುದು ಹಳದಿ. 85 ಮಿ.ಮೀ. ಚಿತ್ರದಲ್ಲಿ ಕೆನ್ನೆಯ ಕೆಂಪು ಚಾನಲ್ ಮಿತಿ ದಾಟಿರುವುದನ್ನು ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕಿನ ಮಟ್ಟಗಳ ಹಂಚಿಕೆಯ ನಕ್ಷೆ) ತೋರಿಸಿತು. 50 ಮಿ.ಮೀ. ಚಿತ್ರದ ಕಥೆ ಇದಕ್ಕೆ ತಿರುವುಮುರುವು: ಹಿಂದಿನ ಬೆಳಕನ್ನು ನೋಡಿ ಕ್ಯಾಮೆರಾ ಮುಖವನ್ನು ಕತ್ತಲಾಗಿಸಿತ್ತು, ಕಾಂಟ್ರಾಸ್ಟ್ (ಬೆಳಕು-ಕತ್ತಲಿನ ಅಂತರ) ಹೆಚ್ಚಿಸಲು ಹಾಕುವ ಕರ್ವ್‌ನ, ಅಂದರೆ ಛಾಯೆಗಳನ್ನು ತಿದ್ದುವ ವಕ್ರರೇಖೆಯ, ಕಡಿದಾದ ಭಾಗಕ್ಕೆ ಮುಖದ ಛಾಯೆಗಳು ಬಿದ್ದಿದ್ದವು. ಪ್ರತಿ ಚಾನಲ್‌ಗೂ ಪ್ರತ್ಯೇಕವಾಗಿ ಹಾಕಿದ ಆ ಕರ್ವ್ ಅಲ್ಲಿ ಕೆಂಪು ಮತ್ತು ನೀಲಿಯ ಅಂತರವನ್ನು ಹಿಗ್ಗಿಸಿ ಇಟ್ಟಿಗೆ ಬಣ್ಣ ತಂದಿತ್ತು.

ಅಳೆಯುವ ರೀತಿಯೇ ಇದರ ಮೂಲ. ಕ್ಯಾಮೆರಾದ ಒಳಗಿನ ಮೀಟರ್ ಪುಟಿದು ಬಂದ ಬೆಳಕನ್ನು ಅಳೆದು, ಎದುರಿರುವುದನ್ನು ನಡುಬೂದಿಗೆ ತರಲು ನೋಡುತ್ತದೆ. ಕಡುಗಪ್ಪು ಮುಖ ಚೌಕಟ್ಟನ್ನು ತುಂಬಿದರೆ ಅದನ್ನು ಬೆಳ್ಳಗಾಗಿಸುತ್ತದೆ, ಬಿಳುಪು ಮುಖವನ್ನು ಮಂಕಾಗಿಸುತ್ತದೆ. ಫಿಲ್ಮ್ ಯುಗದಲ್ಲಿ ಪ್ರಿಂಟಿನ ಬಣ್ಣ ಹೊಂದಿಸಲು ಲ್ಯಾಬ್‌ಗಳಲ್ಲಿ ಬಳಸುತ್ತಿದ್ದ ಕೊಡಾಕ್‌ನ 'ಶರ್ಲಿ ಕಾರ್ಡ್'ಗಳಲ್ಲಿ ದೀರ್ಘಕಾಲ ಬಿಳಿಯ ಮೈಬಣ್ಣದ ಹೆಣ್ಣುಮಗಳೊಬ್ಬಳೇ ಇದ್ದಳು. ಆ ಒಂದು ಮುಖಕ್ಕೆ ಸರಿಹೊಂದಿದ್ದೇ ಎಲ್ಲರಿಗೂ ಅಳತೆಗೋಲಾಗಿತ್ತು. ಅದನ್ನು ಓದಿದಂದಿನಿಂದ ನನಗೆ ಮನಸ್ಸು ನೆಮ್ಮದಿಯಾಗಿಲ್ಲ. ಅಕ್ಕನಂಥವರ ಚಿತ್ರಗಳನ್ನು ಕಂಡಾಗಲೆಲ್ಲ ಅಳತೆಗೋಲು ಯಾರದು ಎಂದು ಕೇಳಿಕೊಳ್ಳುತ್ತೇನೆ.

ಈಗ ಮುಖವನ್ನು ಅಳೆಯುವುದನ್ನೇ ಬಿಟ್ಟಿದ್ದೇನೆ. ಗಲ್ಲದ ಬಳಿ 18 ಶೇಕಡಾ ಬೆಳಕನ್ನು ಹಿಂದಿರುಗಿಸುವ ಬೂದು ಹಲಗೆ, ಅಂದರೆ ಗ್ರೇ ಕಾರ್ಡ್, ಹಿಡಿಸಿ, ಅದರಿಂದ ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಎರಡನ್ನೂ ನಿಗದಿ ಮಾಡಿ, ಐದೂ ಮಂದಿಗೆ ಒಂದೇ ಸೆಟ್ಟಿಂಗ್ ಇಡುತ್ತೇನೆ: 1/160 ಸೆಕೆಂಡ್, ಎಫ್ 4, ಐಎಸ್ಒ (ಸೆನ್ಸರ್‌ನ ಸಂವೇದನೆಯ ಅಂಕಿ) 100. ಗೋಧಿಬಣ್ಣ ಗೋಧಿಬಣ್ಣವಾಗಿಯೇ, ಕಡುಗಪ್ಪು ಕಡುಗಪ್ಪಾಗಿಯೇ ಬರುತ್ತದೆ. ಕಪ್ಪು ಮೈಬಣ್ಣದ ಆಕಾರವನ್ನು ತೋರಿಸುವುದು ಬಹುಪಾಲು ಅದರ ಮೇಲಿನ ಹೊಳಪು, ಆ ಹೊಳಪು ಚರ್ಮದ ಬಣ್ಣವನ್ನಲ್ಲ, ದೀಪದ ಬಣ್ಣವನ್ನು ತೋರಿಸುತ್ತದೆ. ಸಾಫ್ಟ್‌ಬಾಕ್ಸನ್ನು ಮುಖದ ಹತ್ತಿರಕ್ಕೆ ಎಳೆದಾಗ, ಹಣೆಯ ಮೇಲೆ ಚುಕ್ಕೆಯಾಗಿದ್ದ ಬಿಳಿ ಅಗಲವಾಗಿ ಹರಡಿ, ಅದರ ಅಡಿಯಲ್ಲಿ ಎಣ್ಣೆಗೆಂಪು ಮೊದಲ ಬಾರಿಗೆ ಸರಿಯಾಗಿ ಕಂಡಿತು. ಹೊಳಪನ್ನು ತಡೆಯುವ ಸೋಸುಗಾಜಾದ ಪೋಲರೈಸರ್ ಹಾಕಿ ಹೊಳಪನ್ನು ಪೂರ್ತಿ ತೆಗೆದು ನೋಡಿದೆ. ಬಣ್ಣ ಗಾಢವಾಯಿತು, ಮುಖ ಮಣ್ಣಿನ ಗೊಂಬೆಯಂತಾಯಿತು. ಅದನ್ನು ತೆಗೆದಿಟ್ಟೆ.

ಎಂಟನೆಯ ವಾರ

ಚಿತ್ರಗಳನ್ನು ತೋರಿಸುವ ಮಾನಿಟರನ್ನು ಡಿ65 (ಹಗಲಿನ ಬಿಳುಪಿನ ಮಾನದಂಡ), ಗಾಮಾ 2.2 (ಕಪ್ಪಿನಿಂದ ಬಿಳಿಗೆ ಛಾಯೆ ಏರುವ ಕ್ರಮ), ಪ್ರತಿ ಚದರ ಮೀಟರ್‌ಗೆ 120 ಕ್ಯಾಂಡೆಲಾ ಹೊಳಪಿಗೆ ಕ್ಯಾಲಿಬ್ರೇಟ್ ಮಾಡಿದೆ, ಅಂದರೆ ಅಳೆದು ಹೊಂದಿಸಿದೆ. ಐವರಲ್ಲಿ ನಾಲ್ವರು ತಮ್ಮ ಚಿತ್ರಗಳನ್ನು ಒಪ್ಪಿದ್ದಾರೆ. ಅಕ್ಕ ಬಹಳ ಹೊತ್ತು ನೋಡಿ, "ಬಣ್ಣ ನನ್ನದೇ. ಆದರೆ ಕಣ್ಣ ಕೆಳಗಿನ ಕಪ್ಪು ಇಷ್ಟಿಲ್ಲವೋ" ಎಂದಳು. ಕನ್ನಡಿಯ ಮುಂದೆ ಕೂರಿಸಿ ನೋಡಿದೆ, ಅವಳ ಮಾತು ಸರಿ. ದೀಪ ಮೇಲಿನಿಂದ ಬೀಳುತ್ತಿರುವುದರಿಂದ ಕಣ್ಣಗುಳಿಯ ನೆರಳು ಅಲ್ಲಿನ ಸಹಜ ಕಪ್ಪಿನೊಂದಿಗೆ ಸೇರಿಕೊಂಡಿದೆ. ಸಾಫ್ಟ್‌ಬಾಕ್ಸನ್ನು ಕಣ್ಣಿನ ಮಟ್ಟದತ್ತ ಇಳಿಸಿ, ಮಡಿಲಿನ ಮೇಲೆ ಬೆಳಕನ್ನು ಪುಟಿಸುವ ಬಿಳಿ ಹಲಗೆ (ರಿಫ್ಲೆಕ್ಟರ್) ಇಟ್ಟು, ಮುಂದಿನ ಭಾನುವಾರ ಅವಳನ್ನು ಮತ್ತೆ ಕೂರಿಸಲಿದ್ದೇನೆ.