ಶಾಲು ಹಾರದ ಫೋಟೋ ಸಾಕು, ದುಡ್ಡು ಎಲ್ಲಿ ಹೋಯ್ತು ಹೇಳಿ

ನಮ್ಮ ಕಡೆಯ ಯಾವುದಾದರೂ ಸಣ್ಣ ಸೇವಾ ಟ್ರಸ್ಟಿನ ಫೇಸ್‌ಬುಕ್ ಪೇಜ್ ತೆರೆದು ನೋಡಿ. ದೀಪ ಬೆಳಗುವ ಫೋಟೋ. ಮುಖ್ಯ ಅತಿಥಿಗೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಒಂದೇ ಒಂದು ನೋಟ್‌ಬುಕ್ಕನ್ನು ಏಳೆಂಟು ಜನ ದೊಡ್ಡವರು ಹಿಡಿದುಕೊಂಡು ಕ್ಯಾಮೆರಾ ನೋಡುತ್ತಿರುತ್ತಾರೆ, ಅದು ಯಾರಿಗೆ ಸೇರಬೇಕೋ ಆ ಹುಡುಗಿ ಮೂಲೆಯಲ್ಲಿ ಅರ್ಧ ಮುಖ ಕಾಣುವ ಹಾಗೆ ನಿಂತಿರುತ್ತಾಳೆ. ಲೈಕ್ ಮಾಡಿದವರೆಲ್ಲ ಕಮಿಟಿಯವರೇ. "ಜನ ಸಪೋರ್ಟೇ ಮಾಡಲ್ಲ ರೀ" ಅಂತ ಬೇಸರ ಬೇರೆ.

ಯಾಕೆ ಮಾಡಬೇಕು ಹೇಳಿ? ಆ ಪೋಸ್ಟ್ ನೋಡಿದವರು ಮುಂದೆ ಏನು ಮಾಡಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ದುಡ್ಡು ಕೊಟ್ಟರೆ ಏನಾಗುತ್ತದೆ ಅಂತಲೂ ಇಲ್ಲ.

2014ರ ಐಸ್ ಬಕೆಟ್ ಚಾಲೆಂಜ್ ನೆನಪಿದೆ ಅಲ್ವಾ? ತಲೆ ಮೇಲೆ ಐಸ್ ನೀರು ಸುರಿದುಕೊಂಡು, ವಿಡಿಯೋ ಹಾಕಿ, ಇನ್ನು ಮೂವರ ಹೆಸರು ಹೇಳಿ, 24 ಗಂಟೆ ಗಡುವು ಕೊಡುವುದು. ಅಷ್ಟೇ. ಸ್ನಾಯುಗಳ ಶಕ್ತಿ ಕಸಿಯುವ ಎಎಲ್‌ಎಸ್ ಅನ್ನುವ ಕಾಯಿಲೆಗಾಗಿ ಅದು ನಡೆದದ್ದು, ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್ ಒಂದಕ್ಕೇ ಆ ಬೇಸಿಗೆಯಲ್ಲಿ 11.5 ಕೋಟಿ ಡಾಲರ್ ಬಂತು. ಅದನ್ನು ಹುಟ್ಟುಹಾಕಿದ್ದು ಸಂಸ್ಥೆ ಅಲ್ಲ, ಹಬ್ಬಿಸಿದ್ದು ಪೀಟ್ ಫ್ರೇಟ್ಸ್, ಪ್ಯಾಟ್ ಕ್ವಿನ್ ಅವರಂಥ, ಆ ಕಾಯಿಲೆ ಇದ್ದವರೇ.

ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ನನಗೆ ಅದರ ನಂತರದ ಕಥೆಯೇ ಜಾಸ್ತಿ ಇಷ್ಟ. ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಆ ಸಂಸ್ಥೆ ವರ್ಷಗಟ್ಟಲೆ ಹೇಳುತ್ತಾ ಬಂತು. 2016ರಲ್ಲಿ ಎನ್‌ಇಕೆ1 ಎಂಬ ಜೀನ್‌ಗೂ ಈ ಕಾಯಿಲೆಗೂ ನಂಟಿದೆ ಅಂತ ಗೊತ್ತಾಯಿತು, ಆ ಸಂಶೋಧನೆಗೆ ಈ ಹಣ ಹೋಗಿತ್ತು. ಇದೇ ಹಣದ ನೆರವು ಪಡೆದ ಒಂದು ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ದೊಡ್ಡ ಪ್ರಯೋಗದಲ್ಲಿ ಕೆಲಸ ಮಾಡಲಿಲ್ಲ ಅಂತ 2024ರಲ್ಲಿ ಕಂಪನಿಯೇ ವಾಪಸ್ ತೆಗೆದುಕೊಂಡಿತು. ಇಂಥ ಸುದ್ದಿಯನ್ನೂ ದಾನಿಗಳಿಗೆ ಹೇಳಬೇಕು. ಹೇಳಿದರೆ ನಂಬಿಕೆ ಹೋಗಲ್ಲ, ಬರುತ್ತದೆ.

ಐಸ್ ಬಕೆಟ್ ನಡೆದ 2014ರಲ್ಲೇ ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿ ರೈಸ್ ಬಕೆಟ್ ಚಾಲೆಂಜ್ ಶುರು ಮಾಡಿದರು. ನೀರಿಗೇ ಪರದಾಡುವ ದೇಶದಲ್ಲಿ ನೀರು ಚೆಲ್ಲುವುದು ಬೇಡ, ಒಂದು ಬಕೆಟ್ ಅಕ್ಕಿಯನ್ನು ಹತ್ತಿರದ ಬಡವರಿಗೆ ಕೊಟ್ಟು ಫೋಟೋ ಹಾಕಿ ಅಂತ. ಎಲ್ಲರ ಮನೆಯಲ್ಲೂ ಇರುವ ವಸ್ತು, ಇವತ್ತೇ ಮಾಡಬಹುದಾದ ಕೆಲಸ. "ಕೈಲಾದಷ್ಟು ಸಹಾಯ ಮಾಡಿ" ಅನ್ನುವ ಮಾತಿಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ನಮ್ಮ ಊರುಗಳಲ್ಲಿ ಇನ್‌ಸ್ಟಾಗ್ರಾಂಗಿಂತ ಕೆಲಸಕ್ಕೆ ಬರುವುದು ವಾಟ್ಸಾಪ್, ಅದರಲ್ಲೂ ಸ್ಟೇಟಸ್. ಆದರೆ ದಯವಿಟ್ಟು ತಾರೀಖು ಹಾಕಿ. "ಓ ನೆಗೆಟಿವ್ ರಕ್ತ ತುರ್ತಾಗಿ ಬೇಕು" ಅನ್ನುವ ಮೆಸೇಜ್ ದಿನ, ಆಸ್ಪತ್ರೆ ಏನೂ ಇಲ್ಲದೆ ತಿಂಗಳುಗಟ್ಟಲೆ ಸುತ್ತುತ್ತಿರುತ್ತದೆ, ಪಾಪ ಆ ನಂಬರಿನವರು ಫೋನ್ ಎತ್ತಿ ಎತ್ತಿ ಸುಸ್ತಾಗಿ ಸ್ವಿಚ್ ಆಫ್ ಮಾಡಿರುತ್ತಾರೆ. ರಕ್ತ ಸಿಕ್ಕಿದ ಮೇಲೆ "ಸಿಕ್ಕಿದೆ, ಇನ್ನು ಫಾರ್ವರ್ಡ್ ಬೇಡ" ಅಂತ ಅದೇ ಗ್ರೂಪಿಗೆ ಹಾಕಿದರೆ ಮುಂದಿನ ಸಲ ಜನ ನಿಮ್ಮ ಮೆಸೇಜನ್ನು ನಿಜ ಅಂತ ತೆಗೆದುಕೊಳ್ಳುತ್ತಾರೆ.

ಇನ್ನು ಮಕ್ಕಳ ಅಳುವ ಮುಖ. ಅದರಿಂದ ದುಡ್ಡು ಬೇಗ ಬರುತ್ತದೆ, ಸುಳ್ಳು ಹೇಳಲ್ಲ. ಆದರೂ ಬೇಡ. ಆ ಹುಡುಗ ನಾಳೆ ಕಾಲೇಜಿಗೆ ಹೋದಾಗಲೂ ಆ ಫೋಟೋ ಗೂಗಲ್‌ನಲ್ಲಿ ಇರುತ್ತದೆ. ಅನಾಥಾಶ್ರಮದಂಥ ಕಡೆ ಇರುವ ಮಕ್ಕಳ ವಿಷಯದಲ್ಲಂತೂ ಕಾನೂನೇ ಅಡ್ಡ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅವರ ಗುರುತು ಸಿಗುವ ಹಾಗೆ ಹೆಸರು, ಶಾಲೆ, ಫೋಟೋ ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಮಗುವಿನ ಬದಲು ಹೊಸ ಅಡುಗೆಮನೆ ತೋರಿಸಿ, ತುಂಬಿದ ಪುಸ್ತಕದ ಕಪಾಟು ತೋರಿಸಿ, ಅಕ್ಕಿ ಅಂಗಡಿಯ ಬಿಲ್ ತೋರಿಸಿ. ಬಿಲ್ ಫೋಟೋ ಯಾರು ನೋಡ್ತಾರೆ ಅಂತೀರಾ? ಕೊಟ್ಟವರು ನೋಡುತ್ತಾರೆ, ಝೂಮ್ ಮಾಡಿ ನೋಡುತ್ತಾರೆ.

ಕ್ಯೂಆರ್ ಕೋಡ್ ಟ್ರಸ್ಟಿನ ಹೆಸರಿನಲ್ಲೇ ಇರಲಿ. ಸ್ಕ್ಯಾನ್ ಮಾಡಿದಾಗ ಕಾರ್ಯದರ್ಶಿಯ ಸ್ವಂತ ಹೆಸರು ಬಂದರೆ ಅಲ್ಲಿಗೆ ಮುಗಿಯಿತು. ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ 80ಜಿ ರಸೀದಿ ಸಿಗುತ್ತದಾ ಇಲ್ಲವಾ ಅಂತ ಪೋಸ್ಟಿನಲ್ಲೇ ಬರೆಯಿರಿ, ಎರಡು ಸಾವಿರ ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ರಿಯಾಯಿತಿ ಇಲ್ಲ ಅಂತಲೂ.

ಪೋಸ್ಟ್ ಒಂದು ಸಲ ಓಡಿತು ಅಂದರೆ ಅಮೆರಿಕದಲ್ಲಿರುವ ಊರಿನವರಿಂದಲೂ ಮೆಸೇಜ್ ಬರುತ್ತದೆ. ಅಲ್ಲಿ ಸ್ವಲ್ಪ ಹುಷಾರು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅಷ್ಟೇ, ವಿದೇಶಿ ದೇಣಿಗೆ ಕಾಯ್ದೆಯಡಿಯ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಮುಟ್ಟಬೇಡಿ.

ಕೊನೆಗೊಂದು, ಬಹಳ ಸಣ್ಣ ವಿಷಯ. ಪೇಜ್ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದೆ ಎಷ್ಟೋ ಪೇಜ್‌ಗಳು ಸುಮ್ನೆ ಸತ್ತು ಬಿದ್ದಿವೆ. ಇವತ್ತೇ ಇನ್ನಿಬ್ಬರನ್ನು ಅಡ್ಮಿನ್ ಮಾಡಿಕೊಳ್ಳಿ.