ಬಿಡುವಿಲ್ಲದ ಮನೆಯಲ್ಲಿ ಎಲ್ಲರೂ ಕೂಡಿ ಕಳೆಯುವ ಹೊತ್ತು

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ, ಮಕ್ಕಳು ಶಾಲೆ ಮುಗಿಸಿ ಟ್ಯೂಷನ್ನಿಗೆ ಓಡುವ ಮನೆಯಲ್ಲಿ ಎಲ್ಲರೂ ಸೇರಿ ಸಾರ್ಥಕವಾಗಿ ಹೊತ್ತು ಕಳೆಯುವುದು ಹೇಗೆ ಎಂದು ನನ್ನನ್ನು ಅನೇಕರು ಕೇಳುತ್ತಾರೆ. ಮೈಸೂರಿನಿಂದ ಮಂಡ್ಯದ ಕಾಲೇಜಿಗೆ ದಿನವೂ ರೈಲಿನಲ್ಲಿ ಹೋಗಿಬರುವ ನನಗೆ ಈ ಪ್ರಶ್ನೆ ಜೊತೆಯಲ್ಲಿ ಪ್ರಯಾಣಿಸುವವರಿಂದಲೂ ಬರುತ್ತದೆ, ವಿದ್ಯಾರ್ಥಿಗಳ ತಂದೆತಾಯಿಯರಿಂದಲೂ ಬರುತ್ತದೆ. ಭಾನುವಾರ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬುದಕ್ಕೆ ನಾನು ನಾಲ್ಕು ಜಾಗಗಳ ಹೆಸರು ಹೇಳುತ್ತೇನೆ ಎಂದು ಹೆಚ್ಚಿನವರು ಕಾದಿರುತ್ತಾರೆ. ಜಾಗಗಳ ಮಾತು ಆಮೇಲೆ ಬರಲಿ. ಮೊದಲು ನಾನು ಹೇಳುವುದು ಇಷ್ಟು: ಮನೆಯ ಪ್ರತಿಯೊಬ್ಬರ ಕೈಗೂ ಕೆಲಸ ಬೀಳುವಂಥ, ಒಬ್ಬರು ಇಲ್ಲದಿದ್ದರೆ ಉಳಿದವರಿಗೆ ಅದು ತಿಳಿಯುವಂಥ ಯಾವುದಾದರೂ ಒಂದನ್ನು ಹಿಡಿಯಿರಿ.

ಏಕೆಂದರೆ ಒಂದೇ ಕಡೆ ಇದ್ದ ಮಾತ್ರಕ್ಕೆ ನಾವು ಕೂಡಿ ಇದ್ದಂತೆ ಆಗುವುದಿಲ್ಲ. ಮಗುವನ್ನು ಎದುರಿಗೆ ಕೂರಿಸಿಕೊಂಡು ‘ಇವತ್ತು ಶಾಲೆಯಲ್ಲಿ ಏನಾಯಿತು’ ಎಂದು ಕೇಳಿದರೆ ‘ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ ಎಂಬುದು ಎಲ್ಲ ತಾಯಂದಿರಿಗೂ ಗೊತ್ತು. ಅದೇ ಮಗು ಪಕ್ಕದಲ್ಲಿ ಕುಳಿತು ಸೊಪ್ಪು ಬಿಡಿಸುವಾಗ, ಯಾರೂ ಕೇಳದೆ, ಗೆಳೆಯನೊಂದಿಗೆ ಮಾತು ಬಿಟ್ಟದ್ದನ್ನೋ ಗಣಿತದ ಮೇಷ್ಟರನ್ನು ಕಂಡರೆ ಆಗುವ ಹೆದರಿಕೆಯನ್ನೋ ತಾನಾಗಿ ಹೇಳುತ್ತದೆ. ಕಣ್ಣು ಕೈ ಎರಡೂ ಬೇರೆಲ್ಲೋ ತೊಡಗಿದ್ದಾಗ ಮನಸ್ಸಿಗೆ ಕಾವಲು ಇರುವುದಿಲ್ಲ ಎಂದು ಕಾಣುತ್ತದೆ. ದೊಡ್ಡವರ ವಿಷಯದಲ್ಲಿಯೂ ಇದು ನಿಜವೆಂದು ನಾನು ನಂಬಿದ್ದೇನೆ.

ನಮ್ಮ ಕಡೆಯ ಚಳಿಗಾಲ ಇದಕ್ಕೆ ಒಳ್ಳೆಯ ಅವಕಾಶ ಕೊಡುತ್ತದೆ. ಇಬ್ಬನಿ ಬೀಳತೊಡಗಿದ ಮೇಲೆ ಸೊಗಡು ತುಂಬಿದ ಅವರೆಕಾಯಿ ಮೈಸೂರಿನ ಬೀದಿಬೀದಿಯಲ್ಲಿ ರಾಶಿ ಬೀಳುತ್ತದೆ. ಹಿತಕಿದ ಬೇಳೆಯ ಸಾರು ಯಾರಿಗೆ ಬೇಡ? ಆದರೆ ಕಾಯಿ ಸುಲಿದು, ಕಾಳನ್ನು ನೀರಿನಲ್ಲಿ ನೆನೆಹಾಕಿ, ಒಂದೊಂದನ್ನೂ ಬೆರಳಿನಿಂದ ಹಿತುಕಿ ಸಿಪ್ಪೆ ಬೇರೆ ಮಾಡುವುದು ಒಬ್ಬರೇ ಕುಳಿತು ಮಾಡಿದರೆ ಬೇಸರ ಹುಟ್ಟಿಸುವ ಕೆಲಸ. ಆ ಬೇಸರಕ್ಕೆಂದೇ ಇಂದು ಅನೇಕರು ಹಿತಕಿದ ಬೇಳೆಯನ್ನೇ ಕೊಂಡು ತರುತ್ತಾರೆ. ಹಾಗೆ ಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಸೀಸನ್ನಿನ ಶನಿವಾರದ ಸಂಜೆಗಳನ್ನು ಅದಕ್ಕಾಗಿಯೇ ಉಳಿಸಿಕೊಂಡಿದ್ದೇವೆ. ಮನೆಯ ಹಜಾರದಲ್ಲಿ ಹಳೆಯ ದಿನಪತ್ರಿಕೆ ಹಾಸಿ ಎಲ್ಲರೂ ಸುತ್ತ ಕೂರುತ್ತೇವೆ. ನಮ್ಮ ಅತ್ತೆಯವರ ಬೆರಳಿನ ವೇಗಕ್ಕೆ ನಾವು ಯಾರೂ ಸಾಟಿಯಲ್ಲ. ಮಗಳು ‘ಅಜ್ಜಿ, ನಿಧಾನ, ನಾನೂ ಬರ್ತೀನಿ’ ಎನ್ನುತ್ತಾಳೆ. ನಮ್ಮ ಮನೆಯವರು ಹುಳುಕು ಕಾಳನ್ನು ಆರಿಸುವ ಹೊಣೆ ಹೊತ್ತಿದ್ದಾರೆ. ಕೈಗೆ ಸೊಗಡು ಅಂಟಿರುವುದರಿಂದ ಯಾರೂ ಫೋನನ್ನು ಮುಟ್ಟುವುದಿಲ್ಲ, ಆದ್ದರಿಂದ ಫೋನ್ ಬೇಡವೆಂದು ಯಾರಿಗೂ ಹೇಳಬೇಕಾಗಿಯೂ ಬಂದಿಲ್ಲ. ಅತ್ತೆಯವರ ತವರಾದ ಮದ್ದೂರಿನ ಕಡೆಯ ಕಥೆಗಳನ್ನು, ಕಣದಲ್ಲಿ ಮಲಗಿ ರಾಗಿ ಕಾಯುತ್ತಿದ್ದ ದಿನಗಳನ್ನು, ನನ್ನ ಮಕ್ಕಳು ಕೇಳಿ ತಿಳಿದದ್ದು ಆ ಸಂಜೆಗಳಲ್ಲಿಯೇ.

ಸಂಕ್ರಾಂತಿಗೆ ಮುಂಚೆ ಕೊಬ್ಬರಿ ಬೆಲ್ಲ ಹೆಚ್ಚುವುದು, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೂರುವುದು ಇದೇ ಬಗೆಯ ಕೆಲಸಗಳು. ದಸರಾದ ಗೊಂಬೆ ಕೂರಿಸುವುದು ಇವುಗಳಿಗಿಂತ ದೊಡ್ಡದು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು ಒರೆಸುವುದು, ಮೂರೋ ಐದೋ ಏಳೋ ಮೆಟ್ಟಿಲು ಕಟ್ಟುವುದು, ಬಿಳಿ ಬಟ್ಟೆ ಹಾಸುವುದು ದೊಡ್ಡವರಿಗಿರಲಿ. ಮೆಟ್ಟಿಲಿನ ಮುಂದೆ ಮಾಡುವ ಪುಟ್ಟ ಪಾರ್ಕನ್ನು ಪೂರ್ತಿಯಾಗಿ ಮಕ್ಕಳಿಗೆ ಬಿಟ್ಟುಕೊಡಿ. ನವರಾತ್ರಿಗೆ ಒಂದು ವಾರ ಮೊದಲೇ ತಟ್ಟೆಯ ಮಣ್ಣಿನಲ್ಲಿ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ ನೀರು ಚಿಮುಕಿಸುತ್ತಿದ್ದರೆ ಹಬ್ಬದ ಹೊತ್ತಿಗೆ ಹಸಿರು ಹಾಸು ಸಿದ್ಧವಾಗುತ್ತದೆ. ನೀರು ಹಾಕುವುದನ್ನು ಮರೆತರೆ ಹಾಸು ಒಣಗುತ್ತದೆ, ಮತ್ತು ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ತನ್ನ ಕೆಲಸಕ್ಕೆ ಬೆಲೆಯಿದೆ ಎಂದು ಮಗುವಿಗೆ ತಿಳಿಯುವುದು ಇಂಥ ಹೊಣೆಯಿಂದ.

ಹಬ್ಬ ಹುಣ್ಣಿಮೆ ಇಲ್ಲದ ದಿನಗಳಿಗೆ ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರದ ಆಟವನ್ನು ನಾನು ಶಿಫಾರಸು ಮಾಡುತ್ತೇನೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದು ಸಾಲಿನ ಐದು ಮನೆ ಬರೆದು, ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೆರೆ ಹಾಕಿದರೆ ಹಲಗೆ ಸಿದ್ಧ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳನ್ನು ಒಂದು ಬದಿ ತೇಯ್ದು ಬಿಳಿ ಮಾಡಿಕೊಂಡರೆ ಸಾಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಎಂಟು ಎಣಿಕೆಯ ಬಾರ. ಎರಡರಲ್ಲಿ ಯಾವುದು ಬಿದ್ದರೂ ಇನ್ನೊಮ್ಮೆ ಆಡಬಹುದು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಇರುವುದರಿಂದ ಅಜ್ಜಿಯ ಕಾಯನ್ನು ಮೊಮ್ಮಗ ಹೊಡೆಯಲೇಬೇಕಾಗುತ್ತದೆ, ಅಜ್ಜಿಯೂ ಬಿಡುವುದಿಲ್ಲ. ಆರು ವರ್ಷದ ಮಗುವೂ ಎಪ್ಪತ್ತು ದಾಟಿದ ಅಜ್ಜಿಯೂ ಸಮನಾಗಿ ಕುಳಿತು ಆಡಬಹುದಾದ ಆಟಗಳು ಹೆಚ್ಚಿಲ್ಲವಾದ್ದರಿಂದ ಇದನ್ನು ನಾನು ಬಹಳ ಮೇಲಿಡುತ್ತೇನೆ. ಮೈಸೂರಿಗೂ ಇಂಥ ಆಟಗಳಿಗೂ ಹಳೆಯ ನಂಟಿದೆ: ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳಲ್ಲಿ ಆಳವಾದ ಆಸಕ್ತಿ ಇದ್ದವರು, ತಾವೇ ಹೊಸ ಆಟಗಳನ್ನು ರೂಪಿಸಿದವರು. ನಮ್ಮ ಕಾಲದಲ್ಲಿ ನಗರದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಪಗಡೆ, ಅಳಗುಳಿಮಣೆ, ಚೌಕಾಬಾರ ಮುಂತಾದ ಆಟಗಳ ಹಲಗೆ ಮತ್ತು ಕಾಯಿಗಳ ಪ್ರದರ್ಶನಗಳನ್ನು ಏರ್ಪಡಿಸುತ್ತ ಬಂದಿದೆ. ಅಂಥದ್ದು ನಡೆದಾಗ ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ.

ಇನ್ನು ಹೊರಗೆ ಹೋಗುವ ಮಾತು. ಒಂದೇ ದಿನ ಐದು ಜಾಗ ನೋಡಿಬರುವ ಪ್ರವಾಸದಲ್ಲಿ ಎಲ್ಲರಿಗೂ ಸಿಗುವುದು ದಣಿವು. ಅದರ ಬದಲು ಒಂದೇ ಜಾಗಕ್ಕೆ ಹೋಗಿ, ಅಲ್ಲಿ ಹುಡುಕಲು ಏನಾದರೂ ಇಟ್ಟುಕೊಳ್ಳಿ. ಸೋಮನಾಥಪುರದ ಕೇಶವ ದೇವಾಲಯವನ್ನೇ ನೋಡಿ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ, 2023ರಲ್ಲಿ ಬೇಲೂರು ಹಳೇಬೀಡುಗಳ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಶಿಲ್ಪಗಳ ಬುಡದಲ್ಲಿ ಕೆತ್ತಿದ್ದಾರೆ. ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಹಳಗಾಲದ ಲಿಪಿಯಲ್ಲಿ ಆ ಅಕ್ಷರಗಳು ಹೇಗಿರುತ್ತವೆ ಎಂದು ಮನೆಯಲ್ಲಿಯೇ ಒಂದು ಹಾಳೆಯ ಮೇಲೆ ಬರೆದುಕೊಂಡು ಹೋಗಿ, ಗುಡಿಯ ಸುತ್ತಲಿನ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ನಡೆಯುತ್ತ ಗೋಡೆಯಲ್ಲಿ ಹುಡುಕಿದರೆ, ಗೈಡ್ ಹೇಳುವುದನ್ನು ಕೇಳಿ ಬೇಗನೆ ಬೇಸತ್ತು ಹೋಗುವ ಮಗುವೂ ಆನೆ ಕುದುರೆಗಳ ಸಾಲನ್ನು ದಾಟಿ ರಾಮಾಯಣದ ಸನ್ನಿವೇಶಗಳವರೆಗೆ ತಾನೇ ಮುಂದೆ ಮುಂದೆ ಹೋಗುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗುವುದಾದರೆ ಒಂದು ಸಲ ಹೋಗಿ ನಿಲ್ಲಿಸಬೇಡಿ. ಡಿಸೆಂಬರ್ ಸುಮಾರಿಗೆ ಬರುವ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್ ಹಕ್ಕಿಗಳು) ಊರಿನ ಹುಣಸೆ ಮರಗಳಲ್ಲಿ, ಮನೆಗಳ ನಡುವೆಯೇ, ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಗುವ ಬಹಳ ಮೊದಲಿನಿಂದಲೂ ಆ ಜನ ಹಕ್ಕಿಗಳನ್ನು ಕಾಯ್ದುಕೊಂಡು ಬಂದಿದ್ದಾರೆ. ಗೂಡು ಕಟ್ಟುವಾಗ ಒಮ್ಮೆ, ಮರಿಗಳು ಬಲಿತ ಮೇಲೆ ಇನ್ನೊಮ್ಮೆ ಹೋದರೆ ನಡುವಿನ ವಾರಗಳಲ್ಲಿಯೂ ಮನೆಯಲ್ಲಿ ಆ ಮರದ ಮಾತು ನಡೆಯುತ್ತಿರುತ್ತದೆ.

ಇಷ್ಟು ಹೇಳಿದ ಮೇಲೆ ‘ನಮಗೆ ಶನಿವಾರವೂ ಇಲ್ಲ ಭಾನುವಾರವೂ ಇಲ್ಲ’ ಎನ್ನುವವರು ಸಿಗುತ್ತಾರೆ. ನಂಜನಗೂಡಿನ ಕಾರ್ಖಾನೆಗಳ ಪಾಳಿಯಲ್ಲಿ ದುಡಿಯುವವರು, ಬೆಂಗಳೂರಿಗೆ ದಿನವೂ ಹೋಗಿಬರುವವರು ಹೀಗೆ ಹೇಳಿದರೆ ಅದು ನೆಪವಲ್ಲ, ಅವರ ಬದುಕೇ ಹಾಗಿದೆ. ಅವರಿಗೆ ನಾನು ಹೇಳುವುದು, ಹೊತ್ತು ಸಣ್ಣದಾದರೂ ಗೊತ್ತಾದದ್ದಾಗಿರಲಿ ಎಂದು. ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಮಕ್ಕಳ ಬೆಳಗಿನ ತಿಂಡಿಯ ಹೊತ್ತಿಗೆ ಪಕ್ಕದಲ್ಲಿ ಕುಳಿತು ಡಬ್ಬಿ ಕಟ್ಟಿಕೊಟ್ಟರೆ ಅದು ಕಾಲು ಗಂಟೆಯ ಕೆಲಸ. ದಿನವೂ ನಡೆದರೆ ಮಕ್ಕಳು ಅದಕ್ಕೆ ಕಾದಿರುತ್ತಾರೆ. ಯಾವಾಗಲೋ ಸಿಗುವ ಒಂದು ಇಡೀ ದಿನಕ್ಕಿಂತ ಇದನ್ನೇ ನಾನು ಆರಿಸುತ್ತೇನೆ.

ಹದಿನೈದು ಹದಿನಾರರ ಮಕ್ಕಳು ಯಾವುದಕ್ಕೂ ಬರುವುದಿಲ್ಲ ಎಂಬ ದೂರು ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ. ಆ ವಯಸ್ಸಿನವರನ್ನು ‘ನೀನೂ ಬಾ’ ಎಂದು ಕರೆಯುವ ಬದಲು ಕೆಲಸದ ಯಜಮಾನಿಕೆಯನ್ನೇ ಅವರ ಕೈಗೆ ಕೊಡಬೇಕು. ಕೊಕ್ಕರೆ ಬೆಳ್ಳೂರಿಗೆ ಎಷ್ಟು ಗಂಟೆಗೆ ಹೊರಡಬೇಕು, ಬಸ್ಸೋ ಕಾರೋ, ಬುತ್ತಿಗೆ ಏನು, ಯಾರು ಏನು ಹೊರಬೇಕು ಎಂಬುದನ್ನೆಲ್ಲ ಅವರೇ ತೀರ್ಮಾನಿಸಲಿ. ಆ ತೀರ್ಮಾನ ನಮಗೆ ಅಷ್ಟೇನೂ ಸರಿ ಕಾಣದಿದ್ದರೂ ತಿದ್ದಲು ಹೋಗದಿರೋಣ. ನನ್ನ ಮಗ ಎಲ್ಲರನ್ನೂ ನಸುಕಿಗೇ ಎಬ್ಬಿಸಿ ಹೊರಡಿಸುತ್ತಾನೆ, ಬುತ್ತಿಗೆ ಪ್ರತಿ ಸಲವೂ ಪುಳಿಯೋಗರೆಯನ್ನೇ ಹೇಳುತ್ತಾನೆ, ನಾವು ಹಾಗೆಯೇ ಮಾಡುತ್ತೇವೆ.